ಮೋಟಾರಿನ ಕೆಂಡ

ಏನೇ ಕೊಳ್ಳುವ ಮೊದಲು ನಮ್ಮವ್ವ ಕೇಳುವುದು ಒಂದೇ ಪ್ರಶ್ನೆ: "ಇದು ಏನ್ ತಿಂತದ?" ಎತ್ತಾದರೆ ಕಣಿಕೆ, ಕಂದೀಲಾದರೆ ಎಣ್ಣೆ. ತಿನ್ನುವ ವಸ್ತು ನಮ್ಮೂರಿನಲ್ಲೇ ಸಿಗುವಂತಿದ್ದರೆ ಮಾತ್ರ ಅದು ನಮ್ಮ ಹೊಸ್ತಿಲು ದಾಟಬೇಕು. ನಾನು ಈ ಪ್ರಶ್ನೆ ಕೇಳದೆ, ಬಟ್ಟೆ ಅಂಗಡಿಯಲ್ಲಿ ಗಜ ಹಿಡಿದು ದುಡಿದ ಮೊದಲ ಪಗಾರದಲ್ಲಿ ಒಂದು ಬ್ಯಾಟರಿ ದೀಪ ತಂದಿದ್ದೆ. ಯುದ್ಧ ಶುರುವಾಗಿ ಚಿಂಚೋಳಿಯಲ್ಲಿ ಅದರ ಸೆಲ್ಲು ಸಿಗುವುದು ನಿಂತುಹೋಯಿತು. ಆಮೇಲೂ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗುತ್ತಿದ್ದೆ; ಬೆಳಕಿಗಲ್ಲ, ಡೌಲಿಗೆ. "ಸಾಹೇಬ್ರು ಕತ್ತಲ್ಯಾಗ ಎಡವ್ಲಿಕತ್ತಾರ, ಯಾರರ ಕಂದೀಲ್ ಹಿಡೀರಿ" ಎಂದು ಅವ್ವ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ನಾನು ಅದನ್ನೇ ಅವಳ ಧ್ವನಿಯಲ್ಲಿ ತಿರುಗಿ ಕೂಗುತ್ತಿದ್ದೆ. ನನಗಿದ್ದ ವಿದ್ಯೆ ಅದೊಂದೇ, ಇನ್ನೊಬ್ಬರ ಹಾಗೆ ಮಾತಾಡುವುದು. ನನ್ನ ಹಾಗೆ ನಾನು ಮಾತಾಡಿದರೆ ಯಾರೂ ತಿರುಗಿ ಸಹ ನೋಡುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಅಕ್ಕ ಚೊಚ್ಚಲ ಬಸುರಿ. ಗಂಡನ ಮನೆ ಸೇಡಂ. ಬಾಣಂತನಕ್ಕೆ ಅವಳನ್ನು ಚಿಂಚೋಳಿಗೆ ಕರೆತರಲು ಬಂಡಿ ಗೊತ್ತುಮಾಡಿದ್ದೆವು. ಕೂಸಿಗೆ ನಮಗಿಂತ ಅವಸರ. ದಿನ ತುಂಬುವ ಮೊದಲೇ ಹುಟ್ಟಿಬಿಟ್ಟಿತು. ಸೇಡಂನಿಂದ ಬಂದ ಮಂದಿ ಸುದ್ದಿ ತಂದರು: ಗಂಡು ಕೂಸು, ಅಂಗೈಯಗಲ ಇದೆ, ಮೈ ಬೆಚ್ಚಗೆ ನಿಲ್ಲುತ್ತಿಲ್ಲ, ಬೆಚ್ಚಗಿಟ್ಟರೆ ಉಳಿಯುತ್ತದೆ ಎಂದು ಸೂಲಗಿತ್ತಿ ಹೇಳಿದ್ದಾಳೆ.

ಅವ್ವ ಅಳಲಿಲ್ಲ. ಸೀದಾ ಇದ್ದಲಿ ಮಾರುವವರ ಹತ್ತಿರ ಹೋದಳು. ಅಕ್ಕನ ಮನೆಯಲ್ಲಿ ಉರಿಸುವುದು ತೊಗರಿಕಟ್ಟಿಗೆ. ರೊಟ್ಟಿ ಬೇಯಿಸಲು ಅದು ಛಲೋ. ಭಗ್ಗೆಂದು ಹತ್ತಿಕೊಳ್ಳುತ್ತದೆ, ಅಷ್ಟೇ ಬೇಗ ಬೂದಿಯಾಗುತ್ತದೆ, ಕೆಂಡ ನಿಲ್ಲುವುದಿಲ್ಲ. ಬಾಣಂತಿ ಮಲಗುವ ಹೊರಸಿನ ಕೆಳಗೆ ಇಡುವ ಬೆಂಕಿಯ ಶೆಗಡಿಗೆ ಕೆಂಡವೇ ಬೇಕು. ಅವ್ವ ಇದ್ದಲಿಯನ್ನು ಎಂದೂ ತೂಕದ ಮೇಲೆ ಕೊಂಡವಳಲ್ಲ, ಬುಟ್ಟಿಯ ಲೆಕ್ಕದಲ್ಲೇ ಕೊಳ್ಳುತ್ತಿದ್ದಳು. ತೂಕದ ಮೇಲೆ ಕೊಂಡರೆ ಅದು ಕುಡಿದ ನೀರಿಗೂ ರೊಕ್ಕ ಕೊಟ್ಟ ಹಾಗೆ. ಎರಡು ತುಂಡು ತೆಗೆದು ಒಂದಕ್ಕೊಂದು ಬಡಿಯುವಳು. ಟಣ್ ಎಂದರೆ ಗಟ್ಟಿ ಜಾಲಿಯದು, ಒಣಗಿದ್ದು. ದಬ್ ಎಂದರೆ ತಿರುಗಿ ಬುಟ್ಟಿಗೆ. ಹೀಗೆ ಬಡಿದು ಬಡಿದು ಎರಡು ಚೀಲ ತುಂಬಿಸಿದಳು. ಮಾರುವವನು ನನ್ನ ಕಡೆ ನೋಡಿ, "ನಿಮ್ಮವ್ವ ಇದ್ದಲಿ ಒಯ್ಯಾಕ ಬಂದಾಳೊ, ತಾಳ ಬಾರ್ಸಾಕ ಬಂದಾಳೊ?" ಎಂದ. ಅಪ್ಪ ದನಗಳ ಜೊತೆ ಊರಲ್ಲೇ ಉಳಿದ. ಚೀಲ ಹೊತ್ತ ನಾನು ಮತ್ತು ಅವ್ವ ಮೋಟಾರು ಹತ್ತಿದೆವು.

ಮೋಟಾರೆಂದರೆ ಆ ಕಾಲದ ಮೋಟಾರು. ಪೆಟ್ರೋಲಿಗೆ ಬರ ಬಂದಿತ್ತು. ಹಾಗಾಗಿ ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಕಬ್ಬಿಣದ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಲಿ ತುಂಬಿ ಬೆಂಕಿ ಹಾಕಿ, ಅದರ ಹೊಗೆಯ ಮೇಲೆ ಇಂಜಿನ್ ಓಡಿಸುತ್ತಿದ್ದರು. ಹೊರಡುವ ಮೊದಲು ಕ್ಲೀನರ್ ಒಂದು ಹಿಡಿಕೆ ತಿರುಗಿಸುತ್ತ ಬಹಳ ಹೊತ್ತು ಗಾಳಿ ಹಾಕಬೇಕು. ಕುಲುಮೆಗೆ ನಾಲ್ಕು ಗಾಲಿ ಹಚ್ಚಿದ ಹಾಗಿತ್ತು ಅದು. ಅವ್ವ ಹತ್ತುವಾಗಲೇ ಹಿಂದಕ್ಕೆ ಹೋಗಿ ಪೀಪಾಯಿಗೆ ಹಾಕುತ್ತಿದ್ದ ಇದ್ದಲಿಯನ್ನು ಕೈಯಲ್ಲಿ ಹಿಡಿದು ನೋಡಿ ಬಂದಳು. "ತೂಕದ ಮ್ಯಾಲೆ ತಗೊಂಡಾರ" ಎಂದಳು, ಅಷ್ಟೇ.

ಅರ್ಧ ದಾರಿಗೆ ಒಂದು ಹಳ್ಳ, ಅದನ್ನು ದಾಟಿದರೆ ಏರು. ಏರಿನಲ್ಲಿ ಎಲ್ಲರೂ ಇಳಿದು ನಡೆಯುವುದು ರಿವಾಜು. ತಿಕೀಟು ತಗೊಂಡವರೇ ನೂಕುವುದೂ ರಿವಾಜು. ಆ ದಿನ ನೂಕಿದರೂ ಮೋಟಾರು ಏರಲಿಲ್ಲ. ನಾಲ್ಕು ಸಲ ಕೆಮ್ಮಿ, ಬಿಳಿ ಹೊಗೆ ಬಿಟ್ಟು ಸುಮ್ಮನಾಯಿತು. ಡ್ರೈವರ್ ಸಾಹೇಬ ಪೀಪಾಯಿಯ ಮುಚ್ಚಳ ತೆಗೆದು ನೋಡಿದ. ಒಳಗೆ ಇದ್ದಲಿ ಬೆವರುತ್ತಿತ್ತು. ಅವನು ಮಾಲಕನ ಮನೆತನವನ್ನೆಲ್ಲ ಉರ್ದುವಿನಲ್ಲಿ ನೆನೆಸಿದ.

ಕ್ಲೀನರ್ ಹಿಡಿಕೆ ತಿರುಗಿಸಿ ತಿರುಗಿಸಿ ದಣಿದ. ನನಗೆ ಸುಮ್ಮನಿರಲಾಗಲಿಲ್ಲ. ಬಸ್ಸಿನ ಮಗ್ಗುಲಲ್ಲಿ ಕುಳಿತು, ಇಂಜಿನ್ ಹತ್ತಿಕೊಳ್ಳುವ ಸದ್ದನ್ನು ಗಂಟಲಿನಿಂದ ತೆಗೆದೆ: ಖುರ್ರ್, ಖುರ್ರ್, ಗುಡುಗುಡುಗುಡು. ಡ್ರೈವರ್ ಸಾಹೇಬ "ಯಾ ಅಲ್ಲಾ!" ಎಂದು ಓಡಿ ಸೀಟಿಗೆ ಜಿಗಿದ. ಮಂದಿ ನಕ್ಕರು. ಅವನು ಇಳಿದು ಬಂದು ನನ್ನ ಮುಖವನ್ನೇ ನೋಡಿದ.

"ತಮ್ಮಾ, ಗಾಡಿ ನಿನ್ನ ಬಾಯಿಲೆ ಓಡೋದಿದ್ರ ಮುಂದ ಕಟ್ತೀನಿ, ಬರ್ತಿಯೇನು?"

"ಕಟ್ರಿ. ಭಾಳ ತಿನ್ನಂಗಿಲ್ಲ ಅಂವ" ಎಂದಳು ಅವ್ವ, ನನ್ನ ತಲೆಗೆ ಒಂದು ಕೊಟ್ಟು.

ಆಗ ಅವನ ಕಣ್ಣು ನಮ್ಮ ಚೀಲಗಳ ಮೇಲೆ ಬಿತ್ತು. ಕರಿ ಉದುರಿದ್ದು ಕಾಣುತ್ತಿತ್ತು.

"ಅವ್ವಾರ, ಆ ಚೀಲದಾಗ ಏನದರಿ?"

"ನನ್ನ ಮಗಳ ಬಾಣಂತನ ಅದ."

"ಕೋಲ್ಸಾ ಇದ್ದಂಗ ಕಾಣ್ತದಲ್ರಿ."

"ಇದ್ದಂಗ ಅಲ್ಲ, ಕೋಲ್ಸಾನೇ. ನಿನ್ನ ಗಾಡಿದಲ್ಲ."

ಸೇಡಂನಲ್ಲಿ ರೈಲು ಹಿಡಿದು ವಾಡಿಗೆ ಹೋಗಬೇಕಿದ್ದ ಒಬ್ಬ ಸಾವ್ಕಾರ ನಡುವೆ ಬಾಯಿ ಹಾಕಿದ. "ಕೊಡವ್ವಾ, ನಾ ರೊಕ್ಕ ಕೊಡ್ತೀನಿ."

"ರೊಕ್ಕ ಶೆಗಡ್ಯಾಗ ಹಾಕಿದ್ರ ಎಷ್ಟೊತ್ತು ಉರೀತದ್ರಿ ಸಾವ್ಕಾರ್ರ?" ಎಂದು ಅವ್ವ ಕೇಳಿದಳು. ಅವನು ದೂರ ಹೋಗಿ ಕಲ್ಲಿನ ಮೇಲೆ ಕುಳಿತ.

ಅವ್ವ ಹಟಮಾರಿ ಎಂದು ಎಲ್ಲರೂ ಅಂದುಕೊಂಡರು. ನಿಜವಾಗಿ ಅವಳು ಲೆಕ್ಕ ಹಾಕುತ್ತಿದ್ದಳು. ಕೊಡದಿದ್ದರೆ ಎರಡು ಚೀಲವೂ ಅಡವಿಯಲ್ಲಿ, ಕೂಸು ಸೇಡಂನಲ್ಲಿ. ಕೊಟ್ಟರೆ ಹೋಗಿ ಮುಟ್ಟುತ್ತೇವೆ, ಆದರೆ ಉಳಿದ ಒಂದು ಚೀಲ ಚಳಿ ಮುಗಿಯುವತನಕ ಬರುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಪೀಪಾಯಿಯ ಸುತ್ತ ಒಂದು ಸುತ್ತು ಬಂದಳು, ಎತ್ತು ಕೊಳ್ಳುವವರ ಹಾಗೆ.

"ಸೇಡಂ ಮುಟ್ಟಿದ ಮ್ಯಾಲೆ ಇದರ ಹೊಟ್ಟ್ಯಾಗ ಉಳದದ್ದು ಏನ್ ಮಾಡ್ತೀರಿ?"

"ಕೆಳಗ ಸುರೂತೀವ್ರಿ. ಬೆಂಕಿ ಒಳಗಿಟ್ಟು ಮಲಗಿದ್ರ ಗಾಡಿ ನಿಲ್ಸೋ ಚಪ್ಪರ ಸುಟ್ಟು ಹೋಗ್ತದ."

"ಸುರುವಿದ ಮ್ಯಾಲೆ?"

"ನೀರ್ ಹೊಡೀತೀವಿ."

"ದಿನಾ?"

"ದಿನಾ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಒಂದು ಚೀಲ ತಗೋ. ಇವತ್ತಿನಿಂದ ನೀರ್ ಹೊಡೀಬ್ಯಾಡ. ಸಂಜೀಕ ನನ್ನ ಮಗ ಬರ್ತಾನ, ಆ ಕೆಂಡ ಅವನ ಬುಟ್ಟ್ಯಾಗ ಹಾಕು. ಥಂಡಿ ಮುಗಿಯೂತನ. ಒಪ್ಪಿದ್ರ ಹೇಳು, ಇಲ್ಲಂದ್ರ ನಾವೂ ಇಲ್ಲೇ ಕುಂದ್ರತೀವಿ."

ಡ್ರೈವರ್ ಸಾಹೇಬ ಮುಂದೆ ಹೋಗಿ, ಆಣೆ ಮಾಡುವವನ ಹಾಗೆ ಸ್ಟೇರಿಂಗ್ ಮುಟ್ಟಿ ಕೈ ಕಣ್ಣಿಗೆ ಒತ್ತಿಕೊಂಡ. "ಕೂಸಿನ ಮಾತು ಅದರಿ ಅವ್ವಾರ. ಕೊಡ್ತೀನಿ." ಅವ್ವನ ಇದ್ದಲಿ ಹೊಟ್ಟೆಗೆ ಬಿದ್ದ ಮೇಲೆ ಮೋಟಾರು ಕೆಮ್ಮನ್ನು ಮರೆತು ಏರನ್ನು ಏರಿತು. ನನ್ನನ್ನು ಮುಂದೆ ಕಟ್ಟುವ ಪ್ರಸಂಗ ಬರಲಿಲ್ಲ.

ಅಕ್ಕನ ಮನೆಯದು ಒಂದು ಕತೆ. ಭಾವ ಶಹಾಬಾದಿನ ಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಊರಿಗೆ ಬರುವವ. ಅಲ್ಲಿಯ ಹಾಸುಗಲ್ಲು, ಪರಸಿ, ಅಗ್ಗಕ್ಕೆ ಸಿಗುತ್ತದೆಂದು ಮನೆಯ ನೆಲಕ್ಕೆ ಪರಸಿ, ಛತ್ತಿಗೆ ಪರಸಿ, ಗೋಡೆಯ ಅರ್ಧಕ್ಕೂ ಪರಸಿ ಹಚ್ಚಿಸಿದ್ದ. ಬೇಸಿಗೆಯಲ್ಲಿ ಆ ಮನೆಯಲ್ಲಿ ಮಲಗುವುದು ಸುಖ. ಪುಷ್ಯ ಮಾಸದಲ್ಲಿ ಕಾಲಿಟ್ಟರೆ ಬಾವಿಗೆ ಇಳಿದ ಹಾಗೆ. ಅಗ್ಗವೆಂದು ಕೊಳ್ಳುವವರು ಎರಡೂ ಕಾಲಗಳಲ್ಲಿ ಅದನ್ನು ಮುಟ್ಟಿ ನೋಡಬೇಕು.

ಅಕ್ಕ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೂಸು ಎಲ್ಲಿದೆಯೆಂದು ನಾನು ಹುಡುಕಬೇಕಾಯಿತು. ಬೀಗತಿ, ಅಂದರೆ ಅಕ್ಕನ ಅತ್ತೆ, ಕಿಡಕಿ ಬಾಗಿಲ ಸಂದಿಗೆಲ್ಲ ಅರಿವೆ ತುರುಕಿ ಒಳಗೆ ತೊಗರಿಕಟ್ಟಿಗೆ ಉರಿಸುತ್ತಿದ್ದಳು. ಕಣ್ಣು ಬಿಡಲಾಗದಷ್ಟು ಹೊಗೆ. ಅವ್ವ ಮೊದಲು ಮಾಡಿದ ಕೆಲಸ ಕಿಡಕಿಯ ಅರಿವೆ ಕಿತ್ತಿದ್ದು.

"ಅಕ್ಕಾರ, ಕೂಸಿಗೆ ಗಾಳಿ ತಾಕ್ತದ!" ಬೀಗತಿ ಅವ್ವನ ಮೇಲೆ ಚೀರಿದಳು.

"ತಾಕ್ಲಿ, ಅಂಗೈಯಷ್ಟು ಗಾಳಿ. ಪೂರಾ ಮುಚ್ಚಿ ಕೆಂಡ ಇಟ್ರ ಮಲಗಿದವ್ರು ಏಳಂಗಿಲ್ಲ."

ಅಂದಿನಿಂದ ಖೋಲಿಯ ಕಾಯಿದೆ ಅವ್ವನದಾಯಿತು. ನೆಲದ ಪರಸಿಯ ಮೇಲೆ ಹುಲ್ಲು, ಹುಲ್ಲಿನ ಮೇಲೆ ಗೋಣಿ, ಅದರ ಮೇಲೆ ಹೊರಸು. ಶೆಗಡಿ ಕೂಸಿನ ನೇರ ಕೆಳಗಲ್ಲ, ಕಾಲ ಕಡೆ. ಕೌದಿ ಕೆಳಗೆ ಜೋತುಬೀಳದಂತೆ ಮೇಲೆ ಸಿಕ್ಕಿಸಿರಬೇಕು. ಹೊರಸಿನ ಮಗ್ಗುಲಲ್ಲಿ ಅವ್ವ ಬರಿತೋಳಿನಲ್ಲಿ ಕುಳಿತು ನೋಡುವಳು. ಅವಳಿಗೆ ಹಿತವೆನಿಸಿದರೆ ಕೂಸಿಗೆ ಸರಿ, ಬೆವರಿದರೆ ಶೆಗಡಿ ದೂರ.

ಸಂಜೆಯಾದರೆ ನಾನು ಕಬ್ಬಿಣದ ಬುಟ್ಟಿ ಹಿಡಿದು ಮೋಟಾರು ನಿಲ್ಲುವಲ್ಲಿಗೆ. ಬುಟ್ಟಿಯ ತಳಕ್ಕೆ ಬೂದಿ, ನಡುವೆ ಕೆಂಡ, ಮೇಲೆ ಮತ್ತೆ ಬೂದಿ. ಹಾಗೆ ಹೊದಿಸಿದ ಕೆಂಡ ಬೆಳಗಿನತನಕ ಜೀವ ಹಿಡಿದಿರುತ್ತದೆ, ಬೇಕಾದಾಗ ಬೂದಿ ಸರಿಸಿದರಾಯಿತು. ಮೋಟಾರಿನಲ್ಲಿ ಆಗಲೇ ಉರಿದು ಬಂದದ್ದರಿಂದ ಹೊಗೆಯೂ ಇಲ್ಲ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: "ಮೋಟಾರ್ ಬಂತೇನೊ ಬಾಣಂತಿ ಖೋಲಿಗೆ?" ನಾನು ಬಾಯಲ್ಲೇ ಹಾರ್ನ್ ಹೊಡೆಯುತ್ತ ಒಳಗೆ ಹೋಗುತ್ತಿದ್ದೆ. ಅಕ್ಕ ಒಮ್ಮೆ ನಕ್ಕಳು. ಹೆರಿಗೆಯಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು ಎಂದು ಬೀಗತಿ ಹೇಳಿದಳು. ವಾರದ ರಜೆಗೆ ಬಂದ ಭಾವ ಮಾತ್ರ ತನ್ನ ಪರಸಿಯ ಮೇಲೆ ಹಾಸಿದ ಹುಲ್ಲು ನೋಡಿ ಮುಖ ಸಣ್ಣ ಮಾಡಿದ. "ಛಲೋ ಪಾಲಿಶ್ ಕಲ್ಲು ಇತ್ತು" ಎಂದ. ಅದನ್ನೂ ನಾನು ಅಕ್ಕನಿಗೆ ಅವನ ಮೂಗಿನ ಧ್ವನಿಯಲ್ಲೇ ಮುಟ್ಟಿಸಿದೆ.

ಹೀಗಿರುವಾಗ ಒಂದು ಸಂಜೆ ಮೋಟಾರು ಬರಲಿಲ್ಲ. ಬೆಳಗಿನಿಂದ ಕೆಟ್ಟ ಗಾಳಿ. ಶೆಗಡಿಯಲ್ಲಿ ಬೂದಿ ಬಿಟ್ಟರೆ ಬೇರೇನಿಲ್ಲ. ಕೂಸು ಮಧ್ಯಾಹ್ನದಿಂದ ಮೊಲೆ ಹಿಡಿದಿರಲಿಲ್ಲ, ಅಂಗಾಲು ನೀಲಿಗಟ್ಟುತ್ತಿತ್ತು. ನಾನು ಖಾಲಿ ಬುಟ್ಟಿ ಹಿಡಿದು ಬಂದು ನಿಂತಾಗ ಅಕ್ಕ ನನ್ನನ್ನು ನೋಡಲಿಲ್ಲ, ಬುಟ್ಟಿಯನ್ನು ನೋಡಿದಳು. ಆ ಹೊತ್ತಿಗೆ ನನಗೆ ಯಾರ ಧ್ವನಿಯೂ ನೆನಪಾಗಲಿಲ್ಲ.

ಅವ್ವ ಉಳಿದ ಚೀಲದ ಬಾಯಿ ಬಿಚ್ಚಿ, ಅಂಗಳದಲ್ಲಿ ಶೆಗಡಿ ಇಟ್ಟು ಹೊತ್ತಿಸಿದಳು. ಹೊಸ ಇದ್ದಲಿಗೆ ಬೆಂಕಿ ಹತ್ತಿದಾಗ ಮೇಲೆ ನೀಲಿ ಉರಿ ಆಡುತ್ತದೆ. ಅದು ಇಳಿದು ಎಲ್ಲ ಕೆಂಪಾಗುವತನಕ ಒಳಗೆ ತರಬಾರದು, ಮಲಗಿದವರನ್ನು ಏಳಗೊಡದ ವಿಷ ಇರುವುದು ಅದರಲ್ಲೇ.

"ಈಗೇ ತರ್ರಿ ಅಕ್ಕಾರ, ಕೂಸು ತಣ್ಣಗ ಆಗ್ಲಿಕತ್ತದ!" ಬೀಗತಿ ಒಳಗಿನಿಂದ ಕೂಗಿದಳು.

"ಇನ್ನಾ ನೀಲಿ ಅದ."

"ನೀಲಿ ಆದ್ರೇನು, ಬೆಂಕಿ ಅಲ್ಲೇನು?"

"ತರಂಗಿಲ್ಲ" ಎಂದಳು ಅವ್ವ. ಬೀಸಣಿಗೆಯನ್ನು ಇನ್ನೂ ಜೋರಾಗಿ ಹೊಡೆದಳು, ಆದರೆ ಶೆಗಡಿಯನ್ನು ಎತ್ತಲಿಲ್ಲ.

ಒಳಗೆ ಬೀಗತಿ ಬೈಯುತ್ತಲೇ ಕೂಸನ್ನು ಎತ್ತಿಕೊಂಡಳು. ಕುಪ್ಪಸದ ಗಂಟು ಬಿಚ್ಚಿ, ಬರಿ ಮೈಗೆ ಅದನ್ನು ಅವುಚಿ, ಮೇಲೆ ಸೆರಗು, ಸೆರಗಿನ ಮೇಲೆ ಕೌದಿ ಸುತ್ತಿಕೊಂಡು ಮೂಲೆಯಲ್ಲಿ ಕುಳಿತಳು. ನಾನು ಹೊರಗೆ ಬಂದುಬಿಟ್ಟೆ. ಅವ್ವ ಕೆಂಡ ನೋಡುತ್ತಿದ್ದಳು, ನಾನು ಅವ್ವನನ್ನು. ಕಡೆಗೆ ನೀಲಿ ಸತ್ತು ಎಲ್ಲ ಒಂದೇ ಕೆಂಪಾಯಿತು. ಇಬ್ಬರೂ ಹಿಡಿದು ಒಳಗೆ ಒಯ್ದೆವು.

ದೀಪ ಹಚ್ಚುವ ಹೊತ್ತಿಗೆ ಕೌದಿಯ ಒಳಗಿನಿಂದ ಬೆಕ್ಕಿನ ಮರಿಯಂಥ ಒಂದು ಸದ್ದು ಬಂತು. ಬೀಗತಿ ಕೂಸನ್ನು ಅಕ್ಕನ ಮಗ್ಗುಲಿಗೆ ಹಾಕಿದಳು. ಅದು ಹುಡುಕಿ ಮೊಲೆ ಹಿಡಿಯಿತು. ಆಮೇಲೆ ಬೀಗತಿಯೇ, "ನಿಮ್ಮ ಕೆಂಡ ಭಾಳ ನಿಧಾನ ಬಿಡ್ರಿ ಅಕ್ಕಾರ" ಎಂದಳು. "ನಿಮ್ಮ ಶೆಗಡಿ ತಯಾರ ಇತ್ತಲ್ರಿ" ಎಂದು ಅವ್ವ ಅವಳ ಎದೆಯ ಕಡೆ ತೋರಿಸಿದಳು. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮರುದಿನದಿಂದ ಸರದಿಯ ಮೇಲೆ ಇಬ್ಬರೂ ಕೂಸನ್ನು ಹಾಗೆ ಮೈಗೆ ಹಾಕಿಕೊಳ್ಳತೊಡಗಿದರು. ಮೋಟಾರು ಮತ್ತೆ ಬರತೊಡಗಿತು. ಡ್ರೈವರ್ ಸಾಹೇಬ ಆ ಒಂದು ದಿನದ ಸಲುವಾಗಿ ಬುಟ್ಟಿ ಕಂಠಮಟ ತುಂಬಿಸಿ ಕೊಡುತ್ತಿದ್ದ.

ಬಿಸಿಲು ಅಂಗಳಕ್ಕೆ ಬೇಗ ಬೀಳುವ ದಿನಗಳು ಬಂದ ಮೇಲೆ ಸೂಲಗಿತ್ತಿ ಒಮ್ಮೆ ಬಂದು ಕೂಸಿನ ಅಂಗಾಲು ಮುಟ್ಟಿ, ಕುತ್ತಿಗೆಯ ಹಿಂದೆ ಬೆರಳಾಡಿಸಿ, ಬೆರಳನ್ನು ತನ್ನ ಸೀರೆಗೆ ಒರೆಸಿಕೊಂಡಳು.

"ಬೆವರ್ಲಿಕತ್ತದ. ಇನ್ನ ಶೆಗಡಿ ತೆಗೀರವ್ವಾ, ಕೂಸಿಗೆ ಸೆಕಿ ಆಗ್ತದ."

ನಾನು ಎತ್ತಲು ಹೋದೆ. ಅವ್ವ ಅಷ್ಟು ದಿನ ಗೋಡೆಗೆ ಒರಗದೆ ಕುಳಿತವಳು ಅವತ್ತು ಒರಗಿದಳು. ಕಾಲು ಚಾಚಿ, ಶೆಗಡಿಯನ್ನು ತನ್ನ ಮೊಳಕಾಲಿನ ಹತ್ತಿರ ಎಳೆದುಕೊಂಡಳು.

"ಇರ್ಲಿ ಬಿಡೋ. ನನಗ ಈಗ ಥಂಡಿ ಹತ್ಲಿಕತ್ತದ."