ಹೊರಗೆ ಕೂತ ಸಾಕ್ಷಿ

“ನಿಮ್ಮ ಸಣ್ಣ ಮಗ ಎಲ್ಲಿ?” ಎಂದು ನ್ಯಾಯಾಧೀಶರು ಕೇಳಿದರು.

“ಪ್ಯಾಟಿಗೆ ಹೋಯ್ದ. ಊಟಕ್ಕೆ ಬತ್ತ,” ಎಂದರು ಹೆಗ್ಗರಣೆ ಕಡೆಯ ಆ ಅಜ್ಜಿ, ನಗುತ್ತ.

ಶಿರಸಿಯ ಕೋರ್ಟಿನಲ್ಲಿ ಅಂದು ನಡೆಯುತ್ತಿದ್ದದ್ದು ಆ ಮಗನ ಕೊಲೆಯ ವಿಚಾರಣೆಯೇ. ಕಣ್ಣಾರೆ ಕಂಡವರು ತಾಯಿಯೊಬ್ಬರೇ. ಆರೋಪಿ ತಲೆಮರೆಸಿಕೊಂಡಿದ್ದಾಗಲೇ ಅವರ ಸಾಕ್ಷ್ಯ ದಾಖಲಾಗಿತ್ತು. ಅವನು ಸಿಕ್ಕಿಬೀಳುವಷ್ಟರಲ್ಲಿ ಅವರಿಗೆ ಮರೆವಿನ ಕಾಯಿಲೆ ಬಂದಿತ್ತು. ಮಗ ಸತ್ತದ್ದೇ ನೆನಪಿರಲಿಲ್ಲ. ವೈದ್ಯರ ಮಾತು ಕೇಳಿದ ನ್ಯಾಯಾಧೀಶರು ಹಳೆಯ ಹೇಳಿಕೆಯನ್ನೇ ಓದಿಸಲು ಒಪ್ಪಿದರು. “ಮೊದಲು ಅಮ್ಮನನ್ನು ಹೊರಗೆ ಕೂರಿಸಿ,” ಎಂದರು.

“ಆಯಿ, ಹೊರಗೆ ಹೋಪನ ಬಾ,” ಎಂದು ಹಿರಿಯ ಮಗ ತಾಯಿಯ ಕೈ ಹಿಡಿದು ಕರೆತಂದ. ವರದಿಗೆ ಹೋಗಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಗುಮಾಸ್ತರು ಓದುವುದು ಹೊರಗಿನ ಬೆಂಚಿನವರೆಗೂ ಕೇಳುತ್ತಿತ್ತು: ಮಗ ಕೂಗಿದ್ದು, ತಾಯಿ ಓಡಿದ್ದು, ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡದ್ದು. ಅಜ್ಜಿ ಕಣ್ಣೊರೆಸಿಕೊಂಡರು.

“ಪಾಪ, ಆ ಮಾಣಿಯ ಆಯಿ ಈಗ ಹೆಂಗಿದ್ದಡ?”

“ಆರಾಮಿದ್ದು, ಆಯಿ,” ಎಂದ ಮಗ.

ಕೋರ್ಟಿನ ವರದಿಯನ್ನು ಅಂದೇ ಬರೆದು ಕಳಿಸಿದೆ. ಅವನು ಹೇಳಿದ್ದು ಸುಳ್ಳೋ ನಿಜವೋ ಎಂಬುದನ್ನು ಮಾತ್ರ ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ.