ಮೂವತ್ತೆರಡನೇ ಪುಟದ ಅರ್ಧ ನಕ್ಷತ್ರ

ಕಳೆದ ಭಾನುವಾರ ಹಾಡಹಗಲಲ್ಲಿ, ಹೊಳೆನರಸೀಪುರದ ಪೇಟೆ ಬೀದಿಯಲ್ಲಿ, ಒಂದು ರಟ್ಟಿನ ಡಬ್ಬದ ಮುಂದೆ ಕುಳಿತಿದ್ದ ನನಗೆ ಮೈಯೆಲ್ಲ ಬೆವರಿತು. ಡಬ್ಬದಲ್ಲಿ ಹಾವಿರಲಿಲ್ಲ, ಚೇಳಿರಲಿಲ್ಲ. ಹಳೆಯ ಕಂಪ್ಯೂಟರ್ ಗೇಮ್ ಪತ್ರಿಕೆಗಳಿದ್ದವು.

ನನ್ನನ್ನು ನೀವು ಬಲ್ಲಿರಿ. ದೆವ್ವ ಭೂತ ಎಂದರೆ ನಕ್ಕುಬಿಡುವ ಆಸಾಮಿ. ಮನೆ ಮುಂದೆ ಯಾರೋ ಮಂತ್ರಿಸಿ ಇಟ್ಟುಹೋದ ನಿಂಬೆಹಣ್ಣಿನಲ್ಲಿ ಶರಬತ್ತು ಮಾಡಿ ಕುಡಿದದ್ದನ್ನು ಇದೇ ಅಂಕಣದಲ್ಲಿ ಬರೆದಿದ್ದೆ. (ಬೈದು ಬಂದ ಪತ್ರಗಳು ಇನ್ನೂ ಮೇಜಿನ ಮೇಲಿವೆ. ಉತ್ತರಿಸುತ್ತೇನೆ, ಸ್ವಲ್ಪ ತಾಳಿ.) ಅಂಥವನು ಬರೆದ ಈ ವಾರದ ಕಥೆಯನ್ನು ಓದಿ ನಗುವವರು ನಗಬಹುದು. ನನಗಂತೂ ನಗು ಬರುತ್ತಿಲ್ಲ.

ಶುರುವಾದದ್ದು ಒಂದು ಫೋನ್ ಕರೆಯಿಂದ. ಹೊಳೆನರಸೀಪುರದಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿ ಇಟ್ಟಿದ್ದ ಚಂದ್ರಣ್ಣ ಹಾಸನದಲ್ಲಿ ಕಾಲೇಜು ಮೇಷ್ಟ್ರಾಗಿರುವ ನನ್ನ ಮನೆಗೆ ಫೋನ್ ಮಾಡಿದ್ದರು. ಲೈಬ್ರರಿ ಮುಚ್ಚುತ್ತಿದ್ದಾರಂತೆ. ಹೆಂಗಸರು ಧಾರಾವಾಹಿ ನೋಡುತ್ತಾರೆ, ಹುಡುಗರು ನೆಟ್ ನೋಡುತ್ತಾರೆ, ಕಾದಂಬರಿ ಯಾರು ಕೇಳುತ್ತಾರೆ? ಆ ಜಾಗಕ್ಕೆ ಮೊಬೈಲ್ ಅಂಗಡಿ ಬರುತ್ತದಂತೆ. "ನಿಮ್ಮ ಕಂಪ್ಯೂಟ್ರು ಬುಕ್ಕು ಒಂದು ಡಬ್ಬ ಅವೆ. ರದ್ದಿಗೆ ಹಾಕಕ್ಕೆ ಮನಸ್ಸಾಗ್ಲಿಲ್ಲ, ಬನ್ನಿ ಮೇಷ್ಟ್ರೇ" ಅಂದರು. ಬಸ್ಸು ಹತ್ತಿದೆ.

ನಮ್ಮ ಕಂಪ್ಯೂಟರ್ ಬುಕ್ಕು! ಅದನ್ನು ಓದುತ್ತಿದ್ದ ಕಾಲದಲ್ಲಿ ನಮ್ಮ ಬಳಿ ಕಂಪ್ಯೂಟರ್ ಇತ್ತು ಅಂದುಕೊಂಡಿರಾ? ಇಡೀ ಬೀದಿಯಲ್ಲೇ ಇರಲಿಲ್ಲ. ತೊಂಬತ್ತರ ದಶಕದ ಕೊನೆ. ನಾನು ದೇವಸ್ಥಾನದ ಬೀದಿಯ ಮೇಷ್ಟ್ರ ಮಗ. ಗೆಳೆಯ ಲೋಕೇಶ ಹಳೇಕೋಟೆ ಕಡೆಯ ಗೌಡರ ಹುಡುಗ. ಅವನ ಓದಿಗಾಗಿಯೇ ಅವನ ಅಮ್ಮ ಜಯಮ್ಮ ಎರಡು ಹಸು ಕಟ್ಟಿಕೊಂಡು ಊರೊಳಗೆ ಮನೆ ಮಾಡಿದ್ದರು. ಪಿಯುಸಿಯಲ್ಲಿ ಇಬ್ಬರೂ ಒಂದೇ ಬೆಂಚು.

ಚಂದ್ರಣ್ಣನ ಬೆನ್ನು ಹತ್ತಿ ಹಾಸನದಿಂದ ಆ ಇಂಗ್ಲಿಷ್ ಪತ್ರಿಕೆ ತರಿಸುವಂತೆ ಮಾಡಿದ್ದು ಲೋಕೇಶನೇ. ತಿಂಗಳಿಗೆ ಒಂದೇ ಪ್ರತಿ ಬರುತ್ತಿತ್ತು. ಅದನ್ನು ಓದುವವರು ಇಡೀ ಊರಿಗೆ ನಾವಿಬ್ಬರೇ.

ಏನೇನು ಓದುತ್ತಿದ್ದೆವು? ಹೊಸ ಆಟದ ವಿಮರ್ಶೆ, ಎಷ್ಟು ರ್‍ಯಾಮ್ ಬೇಕು, ಯಾವ ಕಾರ್ಡ್ ಹಾಕಿದರೆ ಕಾರು ಚೆನ್ನಾಗಿ ಓಡುತ್ತದೆ. ನಮಗೆ ಸೈಕಲ್ಲೂ ಒಂದೇ ಇತ್ತು! ಎಲ್ಲಕ್ಕಿಂತ ಇಷ್ಟವಾದದ್ದು ಆಟವನ್ನು ಗೆಲ್ಲುವ ದಾರಿ ಹೇಳಿಕೊಡುವ ಪುಟಗಳು. ಎಡಕ್ಕೆ ತಿರುಗು, ಮೂರನೇ ಬಾಗಿಲು ತೆಗೆ, ಪೆಟ್ಟಿಗೆಯ ಹಿಂದೆ ಕೀಲಿಕೈ ಇದೆ, ಬೆಳಕು ಆರಿದ ಮೇಲೆ ಅಲ್ಲಿ ನಿಲ್ಲಬೇಡ. ಡಿಕ್ಷನರಿ ಇಟ್ಟುಕೊಂಡು ಓದಿ, ಹೇಮಾವತಿ ಸೇತುವೆ ಮೇಲೆ ಕೂತು ಬಾಯಲ್ಲೇ ಆಡುತ್ತಿದ್ದೆವು. ಕಣ್ಣಾರೆ ಕಾಣದ ಎಷ್ಟೋ ಕೋಟೆಗಳ ಒಂದೊಂದು ಕೋಣೆಯೂ ನಮಗೆ ಬಾಯಿಪಾಠವಾಗಿತ್ತು.

ಪತ್ರಿಕೆಯ ಜೊತೆ ಒಂದು ಸಿ.ಡಿ. ಬರುತ್ತಿತ್ತು. ಚಂದ್ರಣ್ಣನಿಗೆ ಅದು ಬೇಡ, ನಮಗೆ ಉಪಯೋಗವಿಲ್ಲ. ಲೋಕೇಶ ಅಷ್ಟನ್ನೂ ಮನೆಗೊಯ್ದು ಜೋಪಾನವಾಗಿ ಇಡುತ್ತಿದ್ದ. ಮುಂದೆ ಕಂಪ್ಯೂಟರ್ ಕೊಂಡಾಗ ಬೇಕಲ್ಲ!

ಇನ್ನು ಗುರುತಿನ ವಿಷಯ. ಲೈಬ್ರರಿಯಿಂದ ಪುಸ್ತಕ ತಂದು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಓದಿದ್ದನ್ನೇ ಮರೆತು ಮತ್ತೆ ತಂದುಬಿಡಬಾರದಲ್ಲ? ಅದಕ್ಕೇ ಒಬ್ಬೊಬ್ಬರದೂ ಒಂದೊಂದು ಗುಟ್ಟಿನ ಗುರುತು. ಪೋಸ್ಟ್ ಮೇಷ್ಟ್ರು ಐವತ್ತನೇ ಪುಟದಲ್ಲಿ ಮೂರು ಚುಕ್ಕಿ ಇಡುತ್ತಿದ್ದರು. ನಮ್ಮ ಅತ್ತೆ ಇಪ್ಪತ್ತೊಂದನೇ ಪುಟದ ಮೂಲೆಯಲ್ಲಿ ಪುಟ್ಟ ಶಂಖ ಬರೆಯುತ್ತಿದ್ದರು. ಇನ್ನೊಬ್ಬರ ಗುರುತನ್ನು ಯಾರೂ ಅಳಿಸುತ್ತಿರಲಿಲ್ಲ, ತಿದ್ದುತ್ತಿರಲಿಲ್ಲ.

ನಮ್ಮದು ಮೂವತ್ತೆರಡನೇ ಪುಟ. ಲೋಕೇಶ ಪೆನ್ಸಿಲ್ಲಿನಲ್ಲಿ ಒಂದು ತ್ರಿಕೋನ ಬರೆಯುತ್ತಿದ್ದ. ನಾನು ಅದರ ಮೇಲೆ ತಲೆಕೆಳಗಾದ ಇನ್ನೊಂದು. ಎರಡೂ ಸೇರಿದರೆ ಆರು ಮೂಲೆಯ ನಕ್ಷತ್ರ. ನಕ್ಷತ್ರ ಪೂರ್ತಿಯಾದರೆ ಇಬ್ಬರೂ ಓದಿದ್ದೇವೆ ಎಂದರ್ಥ, ಆಮೇಲೇ ವಾಪಸ್.

ನನ್ನ ತ್ರಿಕೋನಕ್ಕೊಂದು ಐಬು. ಎಡಗಡೆಯ ಮೂಲೆಯಲ್ಲಿ ಗೆರೆಗಳು ಕೂಡುತ್ತಲೇ ಇರಲಿಲ್ಲ, ಎಳ್ಳಿನಷ್ಟು ಸಂದು ಉಳಿದುಬಿಡುತ್ತಿತ್ತು. "ಬಾಗ್ಲು ಹಾಕ್ದಂಗೇ ಎದ್ದೋಯ್ತೀಯಲ್ಲಾ" ಎಂದು ಲೋಕೇಶ ಪ್ರತಿ ಸಲ ರೇಗಿಸುತ್ತಿದ್ದ. ಎಷ್ಟು ನಿಗಾ ಇಟ್ಟರೂ ಆ ಬಾಗಿಲು ಹಾಕಿಕೊಳ್ಳಲಿಲ್ಲ.

ಪಿಯುಸಿ ಮುಗಿಯಿತು. ನಾನು ಬಿ.ಎಸ್ಸಿ.ಗೆ ಹಾಸನ ಸೇರಿದೆ, ಅವನು ಊರಲ್ಲೇ ಉಳಿದ. ಮೊದಮೊದಲು ಭಾನುವಾರ ತಪ್ಪದೆ ಬರುತ್ತಿದ್ದೆ. ಅವನು ತನ್ನ ಅರ್ಧ ಬರೆದು ಪತ್ರಿಕೆಯನ್ನು ನನಗಾಗಿ ಇಟ್ಟಿರುತ್ತಿದ್ದ. ಆಮೇಲೆ ಹಾಸನದಲ್ಲಿ ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಕೊಡುವ ಸೆಂಟರ್ ಸಿಕ್ಕಿತು. ನಿಜವಾದ ಕೋಟೆ, ನಿಜವಾದ ಬಾಗಿಲು! ಭಾನುವಾರಗಳು ಅಲ್ಲೇ ಕಳೆಯತೊಡಗಿದವು. ಲೋಕೇಶನಿಗೆ ಈ ಸಂಗತಿ ಹೇಳಲೂ ಇಲ್ಲ. ಯಾಕೆ ಹೇಳಲಿಲ್ಲ? ಸಣ್ಣತನ, ಇನ್ನೇನು.

ಆ ಡಿಸೆಂಬರಿನಲ್ಲಿ ಅವನಿಗೆ ಕಾಮಾಲೆ ಬಂತು. ಎಂಟು ದಿನ. ಅಷ್ಟೇ.

ಅಪ್ಪನ ಕಾಗದ ಬಂದಾಗ ನನಗೆ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಹೋಗಲಿಲ್ಲ. ಪರೀಕ್ಷೆ ಮುಗಿದ ಮೇಲೆ ಹೋಗಲು ಮುಖವಿರಲಿಲ್ಲ. ಒಂದು ತಿಂಗಳು ಹೋಗದವನು ಒಂದು ವರ್ಷವೂ ಹೋಗುವುದಿಲ್ಲ. ಊರಿಗೆ ಬಂದಾಗಲೆಲ್ಲ ಜಯಮ್ಮನ ಮನೆಯ ಬೀದಿ ಬಿಟ್ಟು ಸುತ್ತು ಬಳಸಿ ಓಡಾಡಿದೆ. ಹತ್ತು ವರ್ಷ ಹೀಗೇ ಕಳೆಯಿತು.

ಈಗ ಡಬ್ಬಕ್ಕೆ ಬರೋಣ. ಅರ್ಧ ಖಾಲಿಯಾದ ಲೈಬ್ರರಿ, ಗೋಡೆಯ ಮೇಲೆ ಕಪಾಟುಗಳಿದ್ದ ಕಡೆ ಬಿಳಿ ಗುರುತು. ನೆಲದ ಮೇಲೆ ಕೂತು ಒಂದೊಂದೇ ಪತ್ರಿಕೆ ತೆಗೆದೆ. ಅದೇ ಕಾಗದದ ವಾಸನೆ. ಮೂವತ್ತೆರಡನೇ ಪುಟ: ನಕ್ಷತ್ರ. ಇನ್ನೊಂದು: ನಕ್ಷತ್ರ. ಖುಷಿಯಾಯಿತು, ಕಣ್ಣೂ ಒದ್ದೆಯಾಯಿತು. ಲೋಕೇಶನ ಕೊನೆಯ ವರ್ಷದ ಅಕ್ಟೋಬರ್, ನವೆಂಬರ್ ಸಂಚಿಕೆಗಳಲ್ಲಿ ಅವನ ತ್ರಿಕೋನ ಮಾತ್ರ ಇತ್ತು. ನಾನು ಬಾರದ ಭಾನುವಾರಗಳವು.

ಅವನು ಕಾಯಿಲೆ ಬಿದ್ದ ಡಿಸೆಂಬರಿನದರಲ್ಲಿ ಯಾವ ಗುರುತೂ ಇರಲಿಲ್ಲ. ಆಮೇಲಿನದು ಜನವರಿ ಸಂಚಿಕೆ. ಲೋಕೇಶ ಹೋದ ಮೇಲೆ ಅಚ್ಚಾದದ್ದು.

ಮೂವತ್ತೆರಡನೇ ಪುಟದಲ್ಲಿ ಅವನ ತ್ರಿಕೋನ ಇತ್ತು.

ತಾರೀಕು ತಪ್ಪು ಓದಿದೆನೇ? ಮುಖಪುಟ ತಿರುವಿ ನೋಡಿದೆ. ಜನವರಿಯೇ. ಫೆಬ್ರವರಿ ತೆಗೆದೆ, ಅದರಲ್ಲೂ ಇತ್ತು. ಮಾರ್ಚ್, ಏಪ್ರಿಲ್, ಮೇ. ಜನವರಿಯ ಗೆರೆ ನಡುಗಿತ್ತು, ಕಾಯಿಲೆಯಿಂದ ಎದ್ದವನು ಬರೆದ ಹಾಗೆ. ತಿಂಗಳು ಕಳೆದಂತೆ ಗೆರೆ ಗಟ್ಟಿಯಾಗುತ್ತಾ ಬಂದಿತ್ತು. ಅವನು ಎಲ್ಲೋ ಚೇತರಿಸಿಕೊಳ್ಳುತ್ತಿದ್ದಾನೆ ಅನಿಸಿತು. ಎಲ್ಲಿ? ಮುಂದೆ ತಿರುವಲು ಕೈ ಬರಲಿಲ್ಲ. ನೋಡಿದ ಪ್ರತಿಯೊಂದರಲ್ಲೂ ನನ್ನ ಅರ್ಧದ ಜಾಗ ಖಾಲಿ ಇತ್ತು.

"ಚಂದ್ರಣ್ಣ, ಇದನ್ನ ಯಾರು ತಗೊಂಡು ಹೋಗ್ತಿದ್ರು?" ಎಂದು ಕೇಳಿದೆ.

ಪುಸ್ತಕ ಕಟ್ಟುತ್ತಿದ್ದವರು ತಲೆಯೆತ್ತಿ ನೋಡಿದರು. "ಇನ್ಯಾರು, ಅವ್ರಮ್ಮ. ನಿಮಗೆ ಗೊತ್ತಿಲ್ವೇ?"

ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ನಾನು ಹೋಗಿದ್ದರೆ ತಾನೇ? ಚಂದ್ರಣ್ಣನ ಮುಂದೆ ಇನ್ನೂ ಕೂತಿರಲಾಗಲಿಲ್ಲ. ಡಬ್ಬವನ್ನು ಆಟೋದಲ್ಲಿಟ್ಟು ಹತ್ತು ವರ್ಷ ತಪ್ಪಿಸಿದ ಬೀದಿಗೆ ಹೋದೆ.

ಜಯಮ್ಮ ಬಾಗಿಲಲ್ಲೇ ಗುರುತು ಹಿಡಿದರು. ಈಗ ಮಗಳು ಅಳಿಯ ಜೊತೆಗಿದ್ದಾರೆ, ಮನೆಗೆ ಮಹಡಿ ಬಂದಿದೆ, ಹಸು ಮೂರಾಗಿವೆ. ಅಂದು ಮಗಳು ಅಳಿಯ ಚನ್ನರಾಯಪಟ್ಟಣಕ್ಕೆ ಮದುವೆಗೆ ಹೋಗಿದ್ದರು. ನಡುಮನೆಯ ಕಿಟಕಿಗೆ ಹುರಿಯಲ್ಲಿ ಪೋಣಿಸಿದ ಸಿ.ಡಿ.ಗಳು ತೂಗುತ್ತಿದ್ದವು. ಫ್ಯಾನ್ ಗಾಳಿಗೆ ಅವು ತಿರುಗಿದರೆ ಗೋಡೆ ತುಂಬ ಬೆಳಕಿನ ಬಿಲ್ಲೆಗಳು ಓಡಾಡುತ್ತಿದ್ದವು. ಒಂದು ಬಿಲ್ಲೆ ಹೋಗಿ ಲೋಕೇಶನ ಫೋಟೋದ ಮೇಲೆ ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು. ನಾನು ಅದಕ್ಕೆ ಬೆನ್ನು ಹಾಕಿ ಕೂತೆ.

ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ, ಕಾಫಿ ಕೊಟ್ಟರು. ಕೇಳುವ ಮೊದಲೇ ಹೇಳಿದರು. ಲೋಕೇಶ ಹೋದ ಮೇಲೆ ಚಂದ್ರಣ್ಣ ಸಿಕ್ಕು, ಇನ್ನು ಆ ಬುಕ್ಕು ಓದುವವರಿಲ್ಲ, ನಿಲ್ಲಿಸುತ್ತೇನೆ ಅಂದರಂತೆ. ಮಗ ಬೇಡಿ ತರಿಸಿದ್ದು ಮಗನ ಜೊತೆಗೇ ನಿಂತುಹೋಗುವುದನ್ನು ಇವರಿಗೆ ಸಹಿಸಲಾಗಲಿಲ್ಲ. ನಾನು ತಗೋತೀನಿ, ತರಿಸು ಅಂದರಂತೆ. ಇಂಗ್ಲಿಷಿನ ಒಂದಕ್ಷರ ಬಾರದ ಜಯಮ್ಮ ತಿಂಗಳು ತಿಂಗಳೂ ಕಂಪ್ಯೂಟರ್ ಗೇಮ್ ಪತ್ರಿಕೆ ತಂದು, ಎರಡು ದಿನ ಫೋಟೋದ ಮುಂದಿಟ್ಟು, ವಾಪಸ್ ಕೊಟ್ಟಿದ್ದಾರೆ.

ಸರಿ, ಆ ತ್ರಿಕೋನ?

"ಅದಾಕ್ದಿದ್ರೆ ವಾಪಸ್ ತಗಳಲ್ಲ ಕಣವ್ವಾ ಅಂತ ಲೋಕಿ ಏಳಿದ್ದ. ಲೈಬ್ರರಿ ರೂಲ್ಸಂತೆ. ನಾನೇ ಕಲ್ತ್ಕೊಂಡು ಆಕ್ತಿದ್ದೆ" ಅಂದರು.

ಮಗ ತಮಾಷೆಗೆ ಹೇಳಿದ್ದನ್ನು ಅಮ್ಮ ನಿಯಮ ಎಂದು ನಂಬಿದ್ದರು. ಅಬ್ಬ, ಇಷ್ಟೇನಾ! ದೆವ್ವವೂ ಇಲ್ಲ, ಗಿವ್ವವೂ ಇಲ್ಲ. ಎದೆ ಹಗುರಾಯಿತು. ಮರುಕ್ಷಣವೇ ಅದು ಹಗುರಾದದ್ದಕ್ಕೆ ನಾಚಿಕೆಯಾಯಿತು.

"ಇನ್ನರ್ಧ ನೀನಾಕ್ಬೇಕಲ್ಲಪ್ಪ, ಅದುನ್ನ ನಾನೆಂಗಾಕ್ಲಿ? ಒಸಾದು ತರಕ್ಕೋದಾಗೆಲ್ಲ ವಾಪಸ್ ಕೊಟ್ಟಿದ್ ಬುಕ್ಕು ತೆಗ್ಸಿ ನೋಡ್ತಿದ್ದೆ, ನೀನ್ ಬಂದಿದ್ಯೇನೋ ಅಂತ." ಇಷ್ಟು ಹೇಳಿ ಸೆರಗಿನಲ್ಲಿ ಲೋಟದ ಅಂಚು ಒರೆಸಿದರು.

ಆಮೇಲೆ ಅವರ ಮುಖ ಅರಳಿತು. "ಕೊನೇದುಕ್ಕೆ ಬಂದಾಕಿದ್ಯಲ್ಲ ಮಗಾ. ಚುಕ್ಕಿ ಪೂರಾ ಆಗಿತ್ತು. ಬಂದವ್ನೆ, ಇನ್ನು ಸಾಕು ಅಂತ ಅವತ್ತೇ ನಿಲ್ಲುಸ್ದೆ. ಅವತ್ತು ಒಟ್ಟೆ ತುಂಬ ಉಂಡೆ ಕಣಪ್ಪ."

ನಾನು ಬಂದಿರಲಿಲ್ಲ. ನಾನು ಏನನ್ನೂ ಬರೆದಿರಲಿಲ್ಲ.

ಪಕ್ಕದಲ್ಲಿಟ್ಟುಕೊಂಡಿದ್ದ ಡಬ್ಬದ ತಳಕ್ಕೆ ಕೈ ಹಾಕಿ ಕೊನೆಯ ಸಂಚಿಕೆ ತೆಗೆದೆ. ಮೂವತ್ತೆರಡನೇ ಪುಟ. ಜಯಮ್ಮನ ಗಟ್ಟಿ ತ್ರಿಕೋನ, ಅದರ ಮೇಲೆ ತಲೆಕೆಳಗಾದ ಇನ್ನೊಂದು. ಪೂರ್ತಿ ನಕ್ಷತ್ರ.

"ನೀನೇ ತಾನೆ?" ಎಂದರು ಜಯಮ್ಮ. ಇಷ್ಟು ವರ್ಷ ಅವರು ಅದೊಂದನ್ನು ನಂಬಿಕೊಂಡು ನೆಮ್ಮದಿಯಾಗಿದ್ದರು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

"ಹೌದಮ್ಮ, ನಾನೇ" ಅಂದೆ.

ಹಾಸನಕ್ಕೆ ಬಂದವನೇ ಚಂದ್ರಣ್ಣನಿಗೆ ಫೋನ್ ಮಾಡಿದೆ. ಅರಕಲಗೂಡಿನ ಲೈಬ್ರರಿಯ ಜೊತೆ ಅವರು ಹಳೇ ಪುಸ್ತಕ ಅದಲುಬದಲು ಮಾಡುತ್ತಿದ್ದದ್ದು ನನಗೆ ಗೊತ್ತು. ಅಲ್ಲಿ ಯಾರಾದರೂ ಬರೆದಿರಬಹುದೇ? ಈ ಪತ್ರಿಕೆಯನ್ನು ಅಲ್ಲಿ ಕೇಳುವವರೇ ಇರಲಿಲ್ಲ, ಕಪಾಟು ಬಿಟ್ಟು ಅದು ಕದಲಿಲ್ಲ ಅಂದರು. ಹಾಗಾದರೆ ಆ ತಾಯಿಯ ಸಂಕಟ ನೋಡಲಾರದೆ ನೀವೇ ಏನಾದರೂ? ಚಂದ್ರಣ್ಣನಿಗೆ ಸಿಟ್ಟೇ ಬಂತು. "ಗಿರಾಕಿ ಗುರುತು ಮುಟ್ಟೋದು ಅಂದ್ರೆ ದೇವ್ರ ಹುಂಡೀಗೆ ಕೈ ಹಾಕ್ದಂಗೆ ಮೇಷ್ಟ್ರೇ" ಎಂದು ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ಕಾಲೇಜಿಗೆ ರಜೆ ಹಾಕಿದೆ. ಪೆನ್ಸಿಲ್ ಚೂಪು ಮಾಡಿಕೊಂಡು ಬಾಕಿ ಉಳಿದ ನನ್ನ ಅರ್ಧಗಳನ್ನು ಬರೆಯಲು ಕೂತೆ. ಅಕ್ಟೋಬರ್, ನವೆಂಬರ್, ಆಮೇಲೆ ಜಯಮ್ಮ ತಂದ ಹತ್ತೊಂಬತ್ತರಲ್ಲಿ ಕೊನೆಯದೊಂದನ್ನು ಬಿಟ್ಟು ಎಲ್ಲಕ್ಕೂ ಬರೆದೆ. ಮೂವತ್ತು ಹತ್ತಿರವಾಯಿತು, ಕಪ್ಪು ಹಲಗೆಯ ಮೇಲೆ ದಿನಾ ಚಿತ್ರ ಬರೆದು ಪಾಠ ಮಾಡುತ್ತೇನೆ. ಆದರೂ ಎಡ ಮೂಲೆಯ ಬಾಗಿಲು ಒಂದರಲ್ಲೂ ಹಾಕಿಕೊಳ್ಳಲಿಲ್ಲ. ನಗು ಬಂತು, ಅಳುವೂ ಬಂತು.

ಎಲ್ಲ ಮುಗಿದ ಮೇಲೆ ಕೊನೆಯ ಸಂಚಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.

ಅದರ ಎಡ ಮೂಲೆಯಲ್ಲೂ ಎಳ್ಳಿನಷ್ಟು ಸಂದಿತ್ತು.

ನನ್ನ ಆ ಐಬನ್ನು ಬಲ್ಲವನು ಇದ್ದದ್ದು ಒಬ್ಬನೇ. ನಾನು ಬರುವವನಲ್ಲ ಎಂದು ಅವನಿಗೆ ಖಾತ್ರಿಯಾಗಲು ಹತ್ತೊಂಬತ್ತು ತಿಂಗಳು ಹಿಡಿಯಿತೇ?