ದಿಗಂಬರ ಹೆಬಸೂರ ತತ್ವಶಾಸ್ತ್ರಕ್ಕೆ ಸೇರಿದ್ದು

ದಿಗಂಬರ ಹೆಬಸೂರನಷ್ಟು ಜನರನ್ನು ಮನೆ ಮುಟ್ಟಿಸಿದವನು ಪುಣೆಯಲ್ಲಿ ಇನ್ನೊಬ್ಬನಿಲ್ಲ. ಹಿಂಜವಾಡಿಯ ಒಂದು ಕಂಪನಿಯಲ್ಲಿ ನೌಕರರಿಗೆ ಕ್ಯಾಬ್ ಗೊತ್ತುಮಾಡಿ ಕಳಿಸುವುದು ಅವನ ಕೆಲಸ. ಸಂಜೆ ಅವನ ಕಿಟಕಿಯ ಮುಂದೆ ನಿಲ್ಲುವ ಸಾಲು ಎಷ್ಟು ಉದ್ದವೆಂದರೆ, ಹಿಂದಿನ ತುದಿಯಲ್ಲಿ ನಿಂತ ಹುಡುಗ ಕಿಟಕಿಗೆ ಬರುವಷ್ಟರಲ್ಲಿ ಬಡ್ತಿ ಪಡೆದು, ಮದುವೆಯಾಗಿ, ಮಗುವಿಗೆ ಹೆಸರನ್ನೂ ಇಟ್ಟಿರುತ್ತಿದ್ದ. ಅಷ್ಟು ಮಂದಿಯೂ ಅವನೊಂದಿಗೆ ಆಡುತ್ತಿದ್ದದ್ದು ಒಂದೇ ಮಾತು, ಅದೂ ಮರಾಠಿಯಲ್ಲಿ: ಕಾಕಾ, ಗಾಡಿ ಎಲ್ಲಿ? ಅವನು ಗಾಡಿಯ ನಂಬರು ಹೇಳುತ್ತಿದ್ದ. ಸಂಭಾಷಣೆ ಮುಗಿಯುತ್ತಿತ್ತು.

ಎಲ್ಲರೂ ಹೋದ ಮೇಲೆ ತನ್ನ ಸ್ಕೂಟರ್ ಹತ್ತಿ ಕೋಥರೂಡದ ಫ್ಲ್ಯಾಟಿಗೆ ಬರುತ್ತಿದ್ದ. ಅಲ್ಲಿ ಅವನೊಬ್ಬನೇ. ಮದುವೆಯಾಗಲಿಲ್ಲ, ಯಾಕೆಂದು ಕೇಳುವವರಿಗೂ ಈಗ ಬೇಸರ ಬಂದಿತ್ತು. ಅವನ ಮನೆಯ ಕರೆಗಂಟೆಗೆ ಕೆಲಸವೇ ಇರಲಿಲ್ಲ. ಒಮ್ಮೆ ಗ್ಯಾಸಿನವನು ಬಂದು ಒತ್ತಿದಾಗ ಅದು ಮೊದಲು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಆಮೇಲೆ ಮೊಳಗಿತು. ಕುಕ್ಕರ್ ಸೀಟಿ ಹೊಡೆದರೆ ದಿಗಂಬರ ಒಳಗಿನಿಂದ "ಹೂಂ, ಬಂದೆ" ಎನ್ನುತ್ತಿದ್ದ. ಅದು ಮತ್ತೂ ಏನಾದರೂ ಹೇಳೀತೇನೋ ಎಂದು ಕಾಯುತ್ತಲೂ ಇದ್ದ.

ಹುಟ್ಟಾ ಮೂಕನೇನಲ್ಲ ಅವನು. ಧಾರವಾಡದಲ್ಲಿ ಬಿ.ಎ.ಗೆ ತತ್ವಶಾಸ್ತ್ರ ಓದುವಾಗ ಭಾರಿ ವಾದದ ಮನುಷ್ಯ. ಕಾಲವೆಂಬುದು ಇದೆಯೋ ಇಲ್ಲವೋ ಎಂದು ಗೆಳೆಯರ ಜೊತೆ ಜಗ್ಗಾಡುತ್ತ ಕೂತಾಗ, ಚಹಾದಂಗಡಿಯವನು ಬೆಂಚನ್ನು ಅವರ ಸಮೇತ ಎತ್ತಿ ಒಳಗಿಟ್ಟು ಬೀಗ ಹಾಕಿಕೊಂಡು ಹೋಗಿದ್ದನಂತೆ. ಇವರಿಗೆ ತಿಳಿದದ್ದು ಮರುದಿನ. ತಂದೆ ತೀರಿಕೊಂಡು, ನೌಕರಿ ಹಿಡಿದು ಪುಣೆಗೆ ಬಂದ ಮೇಲೆ ಆ ಬಾಯಿ ಮುಚ್ಚಿತು. ಐವತ್ತು ದಾಟಿದ ಮೇಲೆ ಅವನಿಗೆ ಎಂ.ಎ. ಮಾಡುವ ಹುಕಿ ಬಂದದ್ದು ಪದವಿಗಾಗಿ ಅಲ್ಲ. ಎದುರು ಕೂತು "ನೀವು ಹೇಳೋದು ತಪ್ಪು" ಎನ್ನುವ ಒಂದು ಜೀವ ಬೇಕಾಗಿತ್ತು.

ಎರಡು ಕಡೆ ಅರ್ಜಿ ಹಾಕಿದ. ಒಂದು ದೂರದ ದೊಡ್ಡ ವಿಶ್ವವಿದ್ಯಾಲಯ, ಪಾಠವೆಲ್ಲ ಕಂಪ್ಯೂಟರಿನಲ್ಲಿ. ಇನ್ನೊಂದು ಪುಣೆಯ ಹಳೆಯ ಪೇಟೆಯೊಳಗಿನ ಸಣ್ಣ ಸಂಜೆ ಕಾಲೇಜು. ಎರಡೂ ಕಡೆ ಸೀಟು ಸಿಕ್ಕಿತು. ಧಾರವಾಡದ ತಂಗಿ ಇಂದೂ ಫೋನಿನಲ್ಲಿ ತೀರ್ಪು ಕೊಟ್ಟೇಬಿಟ್ಟಳು.

"ದೊಡ್ಡದ್ದ ಸೇರು, ಅಣ್ಣಾ. ಐನೂರು ಮಂದಿ ಇರತಾರಂದ್ರ ಒಬ್ಬರರ ನಿನ್ನ ಮಾತಾಡ್ಸತಾರ."

ಸರಿಯೆಂದು, ದೊಡ್ಡದರ ಸ್ವಾಗತ ಸಭೆಗೆ ಇಸ್ತ್ರಿ ಅಂಗಿ ತೊಟ್ಟು ಪರದೆಯ ಮುಂದೆ ಕೂತ. ಪರದೆಯ ತುಂಬ ಕಪ್ಪು ಚೌಕಗಳು, ಒಂದೊಂದರಲ್ಲೂ ಒಂದೊಂದು ಹೆಸರು, ಮುಖ ಮಾತ್ರ ಒಂದೂ ಇಲ್ಲ. ದಿಗಂಬರ ಕೈಮುಗಿದು, "ನಮಸ್ಕಾರ, ನಾನು ಪುಣೆಯಿಂದ" ಎನ್ನುವಷ್ಟರಲ್ಲಿ ಅಲ್ಲಿಂದಲೇ ಯಾರೋ ಅವನ ಮೈಕು ಬಂದ್ ಮಾಡಿದರು. ಸಭೆ ಮುಗಿಯುವವರೆಗೂ ಅವನು ಮುಗಿದ ಕೈ ಇಳಿಸಲಿಲ್ಲ, ಇಳಿಸಿದರೂ ನೋಡುವವರಿರಲಿಲ್ಲ.

ಮರುದಿನ ಸಣ್ಣ ಕಾಲೇಜಿಗೆ ಫೋನ್ ಹಚ್ಚಿದ. ಎತ್ತಿದವರು ತತ್ವಶಾಸ್ತ್ರದ ಪ್ರೊಫೆಸರ್ ಮಧುಕರ. ಮರಾಠಿಯಲ್ಲಿ ಶುರುವಾದ ಮಾತು, ಅವರು ನಿಪ್ಪಾಣಿಯವರೆಂದು ತಿಳಿದ ಮೇಲೆ ಕನ್ನಡಕ್ಕೆ ಹೊರಳಿತು.

"ಕ್ಲಾಸಿನ್ಯಾಗ ಎಷ್ಟ ಮಂದಿ ಆಗತಾರ್ರಿ, ಸರ್?"

"ಅರ್ಜಿ ನಿಮ್ಮದೊಂದ ಬಂದದ್ರಿ."

"ಒಬ್ಬಗ ಪಾಠ ಮಾಡತೀರೇನ್ರಿ?"

"ನೀವು ಬಂದ್ರ ಮಾಡತೀನಿ. ಬರಲಿಲ್ಲಂದ್ರ ಬಾಗಲಾ ಹಾಕ್ಕೊಂಡು ಮನೀಗೆ ಹೋಗತೀನಿ." ಸ್ವಲ್ಪ ತಡೆದು ಹೇಳಿದರು: "ಖರೇ ಹೇಳಲೇನ್ರಿ? ಮುಂದಿನ ವರ್ಷ ಈ ವಿಭಾಗ ಇರತದಂತ ಖಾತ್ರಿ ಇಲ್ಲ. ಆ ದೊಡ್ಡದ್ದ ಸೇರ್ರಿ. ಅದು ಶ್ಯಾಣ್ಯಾರ ಕೆಲಸ."

ದಿಗಂಬರ ಪೇಚಿಗೆ ಬಿದ್ದ. ಕ್ಯಾಬಿನವರ ಧರ್ಮದಲ್ಲಿ ಒಬ್ಬರಿಗಾಗಿ ಗಾಡಿ ಬಿಡುವುದು ಮಹಾಪಾಪ. ಸುರಿಯುವ ಮಳೆಯಲ್ಲಿ ಒಬ್ಬನೇ ನಿಂತವನಿಗೂ "ಇನ್ನಿಬ್ಬರು ಬರಲಿ, ತಡಿ" ಎಂದೇ ಅವನು ಹೇಳುತ್ತ ಬಂದವನು. ಈಗ ತನ್ನೊಬ್ಬನಿಗಾಗಿ ಒಂದು ವಿಭಾಗ, ಒಬ್ಬ ಪ್ರೊಫೆಸರು, ಕೋಣೆ ತುಂಬ ಬೆಂಚು. ಅವನ ಇಪ್ಪತ್ತೈದು ವರ್ಷದ ರೂಢಿಯೆಲ್ಲ ಐನೂರು ಮಂದಿಯ ಗಾಡಿಯನ್ನೇ ಹತ್ತು ಎನ್ನುತ್ತಿತ್ತು. ಎರಡು ದಿನ ಊಟ ರುಚಿಸಲಿಲ್ಲ. ಕೊನೆಗೆ ಇಂದೂಗೆ ಫೋನ್ ಮಾಡಿದ.

"ನಾ ಸಣ್ಣದ್ದ ಸೇರತೀನಿ."

"ಹುಚ್ಚ ಏನ ನೀನು? ಅಲ್ಲಿ ಯಾರಿದ್ದಾರ?"

"ಒಬ್ಬರಿದ್ದಾರ. ನಾ ಕೇಳಿದ್ದಕ್ಕ ಉತ್ತರ ಕೊಟ್ಟಾರ."

"ಮತ್ತ ಅದನ್ನ ಮುಚ್ಚಿಬಿಟ್ರ?"

"ಮುಚ್ಚೂತನಕ ಮಾತಾಡತೀವಿ."

ಕಂಪನಿಯಲ್ಲಿ ಬೇಡಿಕೊಂಡು ಬೆಳಗಿನ ಪಾಳಿ ಹಾಕಿಸಿಕೊಂಡ. ಮೊದಲ ದಿನ ಹೋದಾಗ ಮಧುಕರ ಸರ್ ಬೋರ್ಡಿನ ಮುಂದಿನ ಕಟ್ಟೆಯ ಮೇಲೆ ನಿಂತು, ಹಿಂದಿನ ಬೆಂಚಿಗಷ್ಟೇ ಅಲ್ಲ, ಬಾರಾಮತಿಯ ಕಬ್ಬಿನ ಹೊಲಕ್ಕೂ ಕೇಳಿಸುವ ದನಿಯಲ್ಲಿ ಪಾಠ ಸುರುಮಾಡಿದರು. ತುಂಬಿದ ತರಗತಿಯ ಕಾಲದ ದನಿ ಅದು. ಯಾರೂ ನೋಡದಿದ್ದರೂ ವಸ್ತು ಇದ್ದೇ ಇರುತ್ತದೆ ಎಂದು ಹೇಳಿ, ಬೋರ್ಡಿನ ಮೇಲೆ ಬರೆಯತೊಡಗಿದರು. ದಿಗಂಬರ ಕೈ ಎತ್ತಿದ.

"ಹೋಗಿಬರ್ರಿ," ಎಂದರು ಸರ್. "ಬಾತರೂಮ್ ಎಡಕ್ಕದ."

"ಹಂಗಲ್ರಿ ಸರ್. ನನಗ ಇದು ಒಪ್ಪಿಗಿ ಇಲ್ಲ."

ಸರ್ ಸೀಮೆಸುಣ್ಣ ಕೆಳಗಿಟ್ಟರು. "ಯಾಕ ಇಲ್ಲ?"

ದಿಗಂಬರ ಬಾಯಿ ತೆರೆದ. ಮಾತು ಬರಲಿಲ್ಲ. ಮತ್ತೆ ತೆರೆದ.

"ಸ್ವಲ್ಪ ತಡೀರಿ, ಸರ್. ರೂಢಿ ತಪ್ಪೇದ."

"ತಡೀತೀನಿ ಬಿಡ್ರಿ. ನನಗೇನ ಅವಸರ."

ಕೆಳಗೆ ರಸ್ತೆಯಲ್ಲಿ ಎರಡು ಬಸ್ಸು ಹೋದವು.

"ಯಾರೂ ನೋಡಲಿಲ್ಲಂದ್ರೂ ಅದು ಇರತದ, ಖರೆ," ಎಂದ ದಿಗಂಬರ. "ಆದ್ರ ತಾನು ಇದ್ದೀನಂತ ಅದಕ್ಕರ ಹೆಂಗ ಗೊತ್ತಾಗಬೇಕ್ರಿ?"

ಮಧುಕರ ಸರ್ ಕಟ್ಟೆಯಿಂದ ಇಳಿದು ಬಂದು, "ಸ್ವಲ್ಪ ಸರೀರಿ," ಎಂದು ಅವನ ಬೆಂಚಿನ ಮೇಲೆ ಕೂತರು.